ಡಬ್ಬಿಗೆ ಸುತ್ತುವ ದಾರ, ಪಾತ್ರೆಗಿಳಿಯುವ ದಾರ

ಕಿರಾಣಿ ಅಂಗಡಿಗಳಲ್ಲಿ ಸೂರಿನಿಂದ ದಾರದ ಉಂಡೆಯೊಂದು ತೂಗಾಡುತ್ತಿದ್ದ ಕಾಲವಿತ್ತು. ಅಂಗಡಿಯಾತ ಹಳೆಯ ಪತ್ರಿಕೆಯ ಹಾಳೆಯಲ್ಲಿ ಬೇಳೆಯನ್ನೋ ಬೆಲ್ಲವನ್ನೋ ಪೊಟ್ಟಣ ಮಾಡಿ, ಮೇಲಿನಿಂದ ದಾರ ಎಳೆದು, ಎರಡು ಸುತ್ತು ಸುತ್ತಿ, ಬೆರಳಿಗೆ ಸಿಕ್ಕಿಸಿಕೊಂಡು ಪಟಕ್ಕನೆ ಕಡಿದು ಕೊಡುತ್ತಿದ್ದ. ಮನೆಗೆ ಬಂದ ಮೇಲೂ ಆ ದಾರ ಕಸಕ್ಕೆ ಹೋಗುತ್ತಿರಲಿಲ್ಲ. ಬಿಚ್ಚಿದ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಮತ್ತೊಂದು ಉಂಡೆ ಸುತ್ತಿ, ಅಡುಗೆಮನೆಯ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅಂಗಡಿಯ ಉಂಡೆಯೂ ಹೋಯಿತು, ಗೂಡಿನ ಉಂಡೆಯೂ ಹೋಯಿತು.

ಈಗ ದಾರ ಬೇರೊಂದು ವೇಷದಲ್ಲಿ ಹಿಂದಿರುಗಿದೆ. ಕೆಂಪು-ಬಿಳಿ, ಹಸಿರು-ಬಿಳಿ, ನೀಲಿ-ಬಿಳಿ ಪಟ್ಟೆಗಳು ಸುತ್ತಿಕೊಂಡಿರುವ ಅಂದದ ಹುರಿ ಅದು. ಇಂಗ್ಲಿಷರ ನಾಡಿನಲ್ಲಿಯೂ ಅಮೆರಿಕದಲ್ಲಿಯೂ ಬೇಕರಿಯವರು ಕೇಕಿನ ಡಬ್ಬಿ ಕಟ್ಟಲು ಬಳಸುತ್ತಿದ್ದುದರಿಂದ ಅದಕ್ಕೆ ‘ಬೇಕರ್ಸ್ ಟ್ವೈನ್’ ಎಂದೇ ಹೆಸರು. ಹುಟ್ಟುಹಬ್ಬದ ಉಡುಗೊರೆ, ಶಾಲೆಯ ಪ್ರಾಜೆಕ್ಟ್, ಉಪ್ಪಿನಕಾಯಿ ಜಾಡಿಯ ಚೀಟಿ ಎಲ್ಲಕ್ಕೂ ಅದು ಒಪ್ಪುತ್ತದೆ. ಒಮ್ಮೆ ಮನೆಗೆ ಬಂದ ದಾರ ಅಡುಗೆಮನೆಗೂ ಹೋಗುವುದು ಸಹಜ. ಮಸಾಲೆ ತುಂಬಿದ ಹಾಗಲಕಾಯಿ ಬಾಯಿಬಿಡದಂತೆ ಕಟ್ಟಬೇಕು, ಕೈಗೆ ಸಿಕ್ಕಿದ್ದು ಈ ದಾರ. ಕಟ್ಟಿ ಎಣ್ಣೆಗೆ ಬಿಟ್ಟಾಯಿತು!

ತೊಡಕು ಇರುವುದು ಅಲ್ಲಿಯೇ. ಅಂಗಡಿಯ ಒಂದೇ ಸಾಲಿನಲ್ಲಿ, ಒಂದೇ ಬಣ್ಣದಲ್ಲಿ, ಹತ್ತಿಯ ಹುರಿಯೂ ಇರುತ್ತದೆ, ನೈಲಾನಿನದೂ ಇರುತ್ತದೆ, ಪಾಲಿಪ್ರೊಪಿಲೀನಿನದೂ ಇರುತ್ತದೆ. ಹೊಲಿಗೆ ದಾರವಾದರೆ ಸುರಕ್ಷಿತವೆಂದು ತಿಳಿಯುವಂತಿಲ್ಲ. ಇಂದು ಮಾರಾಟವಾಗುವ ಹೊಲಿಗೆ ದಾರದಲ್ಲಿ ಹೆಚ್ಚಿನದು ಪಾಲಿಯೆಸ್ಟರ್. ಕಣ್ಣಿಗೆ ಎಲ್ಲವೂ ಒಂದೇ. ಬಿಸಿ ತಾಗಿದಾಗ ಮಾತ್ರ ಅವುಗಳ ಜಾತಿ ಬೇರೆ ಬೇರೆ ಎಂಬುದು ತಿಳಿಯುತ್ತದೆ.

ಅಡುಗೆಮನೆಯ ಬಿಸಿಯನ್ನೇ ಸ್ವಲ್ಪ ಅಳೆದು ನೋಡೋಣ. ಕುದಿಯುವ ನೀರು 100 ಡಿಗ್ರಿ ಸೆಲ್ಸಿಯಸ್. ಇಡ್ಲಿ ಪಾತ್ರೆಯ ಹಬೆಯೂ ಹೆಚ್ಚುಕಡಿಮೆ ಅಷ್ಟೆ. ಪ್ರೆಷರ್ ಕುಕ್ಕರಿನೊಳಗೆ ಸುಮಾರು 120. ಕರಿಯುವ ಎಣ್ಣೆ 170ರಿಂದ 190. ಇನ್ನು ದಾರಗಳ ಕಡೆ ನೋಡಿದರೆ, ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160ರಿಂದ 165 ಡಿಗ್ರಿಯಲ್ಲಿ. ಅಂದರೆ ಪೂರಿ ಉಬ್ಬುವ ಎಣ್ಣೆಯಲ್ಲಿ ಅದು ದಾರವಾಗಿ ಉಳಿಯುವುದೇ ಇಲ್ಲ, ಹಾಗಲಕಾಯಿಯ ಸಿಪ್ಪೆಗೆ ಅಂಟಿಕೊಂಡ ಪ್ಲಾಸ್ಟಿಕ್ ಆಗುತ್ತದೆ. ನೈಲಾನ್-6 ಸುಮಾರು 220ರಲ್ಲಿ, ಪಾಲಿಯೆಸ್ಟರ್ 250ರಿಂದ 260ರಲ್ಲಿ ಕರಗುತ್ತವೆ. ಹಾಗಾದರೆ ಇವನ್ನು ಎಣ್ಣೆಗೆ ಬಿಡಬಹುದಲ್ಲ ಎಂದು ಚುರುಕು ಬುದ್ಧಿಯ ಹುಡುಗ ಕೇಳಬಹುದು. ಬಿಡಬಾರದು. ಕರಗುವ ಮೊದಲೇ ಅವು ಮೆತ್ತಗಾಗಿ ಸುಕ್ಕುಗಟ್ಟುತ್ತವೆ. ಬಾಣಲೆಯ ತಳದ ಲೋಹ ಎಣ್ಣೆಗಿಂತಲೂ ಬಿಸಿಯಾಗಿರುತ್ತದೆ. ಜೊತೆಗೆ ಅವುಗಳಿಗೆ ಹಾಕಿದ ಬಣ್ಣ ಬಟ್ಟೆಗೆಂದು ಮಾಡಿದ್ದು, ಹೊಟ್ಟೆಗೆಂದು ಅಲ್ಲ.

ಹತ್ತಿಯ ಸ್ವಭಾವವೇ ಬೇರೆ. ಅದು ಸೆಲ್ಯುಲೋಸ್. ಕಾಗದವೂ ಅದೇ, ಸೊಪ್ಪಿನ ನಾರೂ ಅದೇ. ಸೆಲ್ಯುಲೋಸ್ ಕರಗುವುದೇ ಇಲ್ಲ. ಬಿಸಿ ಹೆಚ್ಚಾದರೆ ಮೊದಲು ಕಂದಾಗಿ, ಆಮೇಲೆ ಕರಕಲಾಗುತ್ತದೆ. ಕರಿಯುವ ಎಣ್ಣೆಯ ಬಿಸಿಯನ್ನು ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ನೇರ ಉರಿಗೆ ಹಿಡಿದರೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಕೆಂಡದ ಮೇಲೆ ಸುಡುವ ಅಡುಗೆಗೆ ದಾರದ ಸಹವಾಸವೇ ಬೇಡ.

ಕೈಯಲ್ಲಿರುವ ದಾರ ಯಾವುದೆಂದು ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ. ಇದನ್ನು ದೊಡ್ಡವರೇ ಮಾಡಬೇಕು, ಮಕ್ಕಳು ದೂರ ನಿಂತು ನೋಡಬೇಕು. ಎರಡು ಅಂಗುಲ ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರು ತುಂಬಿದ ತಟ್ಟೆ ಇಟ್ಟು, ತುದಿಯನ್ನು ಮೇಣದ ಬತ್ತಿಯ ಜ್ವಾಲೆಗೆ ತಾಗಿಸಬೇಕು. ಹತ್ತಿಯಾದರೆ ತಟ್ಟನೆ ಹೊತ್ತಿ, ಸುಟ್ಟ ಕಾಗದದ ವಾಸನೆ ಬೀರುತ್ತದೆ. ಜ್ವಾಲೆ ಆರಿದ ಮೇಲೂ ತುದಿ ಕೆಂಪಗೆ ಹೊಗೆಯಾಡುತ್ತದೆ. ಉಳಿಯುವ ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಉಣ್ಣೆ ಅಥವಾ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನುಗಳು ಜ್ವಾಲೆ ಕಂಡೊಡನೆ ಹಿಂದಕ್ಕೆ ಮುದುಡಿ, ಕರಗಿ, ತಣಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿಯಾಗುತ್ತವೆ. ಕರಗಿದ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ನೀರಿನ ತಟ್ಟೆ ಇಡುವುದು ಅದಕ್ಕೇ. ಬೂದಿಯೂ ಮಣಿಯೂ ಎರಡೂ ಕಂಡರೆ ಅದು ಬೆರಕೆ ದಾರ, ಅದನ್ನೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೇ ಹಾಕಬೇಕು.

ಜರಿಯಂತೆ ಮಿನುಗುವ ದಾರಕ್ಕೆ ಈ ಪರೀಕ್ಷೆಯೂ ಬೇಡ. ಈಗಿನ ಅಗ್ಗದ ಹೊಳೆಯುವ ದಾರಗಳು ಬಹುಮಟ್ಟಿಗೆ ಲೋಹದ ತೆಳುಲೇಪ ಹಚ್ಚಿದ ಪ್ಲಾಸ್ಟಿಕ್ ಪಟ್ಟಿಗಳು. ಮೈಕ್ರೋವೇವ್ ಒಲೆಯಲ್ಲಿ ಲೋಹವಿದ್ದರೆ ಕಿಡಿ ಹಾರಬಹುದು.

ಹತ್ತಿಯೆಂದು ಖಚಿತವಾದ ಬಣ್ಣದ ದಾರಕ್ಕೆ ಇನ್ನೊಂದು ಪರೀಕ್ಷೆ ಬಾಕಿಯಿದೆ. ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಕುದಿಯುವ ನೀರು, ಚಿಟಿಕೆ ಉಪ್ಪು, ಸ್ವಲ್ಪ ಹುಣಸೆ ರಸ ಹಾಕಿ ದಾರವನ್ನು ಹತ್ತು ನಿಮಿಷ ಮುಳುಗಿಸಿಡಬೇಕು. ನೀರಿಗೆ ಬಣ್ಣ ಇಳಿದರೆ ಆ ದಾರ ಉಡುಗೊರೆ ಡಬ್ಬಿಗೆ ಮಾತ್ರ. ಇಳಿಯದಿದ್ದರೂ, ಪಾತ್ರೆಗೆ ಬಿಡುವುದಾದರೆ ಬಣ್ಣವಿಲ್ಲದ ಬಿಳಿ ಹತ್ತಿ ದಾರವೇ ಮೇಲು. ಅದನ್ನೂ ಒಮ್ಮೆ ಕುದಿಸಿ ತೊಳೆದುಕೊಂಡರೆ ನೇಯ್ಗೆಯವರು ಹಾಕಿರಬಹುದಾದ ಗಂಜಿ, ಮೇಣ ಹೋಗುತ್ತದೆ.

ಕಟ್ಟಿ ಬೇಯಿಸುವುದು ಕರ್ನಾಟಕದ ಅಡುಗೆಗೆ ಹೊಸದೇನೂ ಅಲ್ಲ. ಕರಾವಳಿಯ ಮನೆಗಳಲ್ಲಿ ಕೆಸುವಿನೆಲೆಗೆ ಹಿಟ್ಟು ಸವರಿ ಸುರುಳಿ ಸುತ್ತಿ ಪತ್ರೊಡೆ ಮಾಡುವಾಗ ಬಾಳೆಯ ನಾರಿನಿಂದ ಕಟ್ಟುವ ರೂಢಿಯಿದೆ. ಹೂವಾಡಿಗರು ಮೊಳ ಲೆಕ್ಕದಲ್ಲಿ ಮಾರುವ ಮಲ್ಲಿಗೆಗೂ ಅದೇ ನಾರು ಬಳಕೆಯಲ್ಲಿತ್ತು. ಅಡುಗೆಗೆ ಬಾಳೆನಾರಿಗಿಂತ ಒಳ್ಳೆಯ ದಾರ ಸಿಗುವುದು ಕಷ್ಟ. ಬಿಟ್ಟಿ ಸಿಗುತ್ತದೆ, ಬಣ್ಣವಿಲ್ಲ, ಮರೆತು ಕಸಕ್ಕೆ ಎಸೆದರೂ ಗೊಬ್ಬರವಾಗುತ್ತದೆ. ಪೇಟೆಯ ಮನೆಗಳಲ್ಲಿ ಬಾಳೆಗಿಡ ಇಲ್ಲದ್ದರಿಂದ ಹತ್ತಿ ದಾರದ ಮಾತು ಬಂತು, ಅಷ್ಟೆ. ಫ್ರಾನ್ಸಿನ ಅಡುಗೆಯವರು ಸೂಪಿಗೆ ಪರಿಮಳದ ಸೊಪ್ಪು, ಎಲೆಗಳನ್ನು ದಾರದಿಂದ ಕಟ್ಟಿ ಇಳಿಬಿಟ್ಟು, ಬೆಂದ ಮೇಲೆ ಹಾಗೆಯೇ ಎಳೆದು ತೆಗೆಯುತ್ತಾರೆ. ಪಲಾವಿಗೆ ಚಕ್ಕೆ, ಲವಂಗ, ಪಲಾವ್ ಎಲೆಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಹಾಕುವ ಉಪಾಯವೂ ಇದೇ ಜಾತಿಯದು. ಊಟದ ನಡುವೆ ಲವಂಗ ಕಡಿದು ಮುಖ ಕಿವುಚುವ ಮಕ್ಕಳಿಗೆ ಇದರಿಂದ ಉಪಕಾರವಾಗುತ್ತದೆ.

ಕಟ್ಟುವಾಗ ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ಹಬೆಯಲ್ಲಿ ಬೇಯಿಸುವಾಗ ದಾರವನ್ನು ಮೊದಲೇ ನೆನೆಸಿ ಕಟ್ಟುವುದು ಲೇಸು. ಒಣ ದಾರವನ್ನು ಬಿಗಿಯಾಗಿ ಕಟ್ಟಿದರೆ ಆಮೇಲೆ ನೀರು ಕುಡಿದ ಎಳೆಗಳು ದಪ್ಪಗಾಗಿ, ಹುರಿಯ ಉದ್ದ ಕುಗ್ಗಿ, ಕಟ್ಟು ಪತ್ರೊಡೆಯೊಳಗೆ ಕಚ್ಚಿಕೊಳ್ಳುತ್ತದೆ. ಬಟ್ಟೆ ಒಣಹಾಕುವ ಹತ್ತಿಯ ಹಗ್ಗ ಮಳೆಯಲ್ಲಿ ನೆನೆದಾಗ ಬಿಗಿಯಾಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತಿ ದಾರ ಒದ್ದೆಯಾದಾಗ ಒಣಗಿದ್ದಾಗಿನದಕ್ಕಿಂತ ಹೆಚ್ಚು ಗಟ್ಟಿ ಎಂಬುದೂ ಸೋಜಿಗದ ಸಂಗತಿ, ನೈಲಾನಿನದು ಇದಕ್ಕೆ ತದ್ವಿರುದ್ಧ. ಆದರೆ ಎಣ್ಣೆಗೆ ಮಾತ್ರ ಒದ್ದೆ ದಾರ ಇಳಿಸಕೂಡದು. ನೀರು ಒಮ್ಮೆಗೇ ಆವಿಯಾಗಿ ಕಾದ ಎಣ್ಣೆಯನ್ನು ಮುಖಕ್ಕೆ ಸಿಡಿಸುತ್ತದೆ. ಅಲ್ಲಿಗೆ ಪೂರ್ತಿ ಒಣಗಿದ ದಾರವೇ ಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಎಣಿಕೆ. ಹನ್ನೆರಡು ಹಾಗಲಕಾಯಿಗೆ ಹನ್ನೆರಡು ದಾರ ಕಟ್ಟಿದ್ದರೆ, ತಟ್ಟೆಗೆ ಬಡಿಸುವ ಮೊದಲು ಹನ್ನೆರಡು ದಾರ ಪಕ್ಕದ ಬಟ್ಟಲಿನಲ್ಲಿ ಇರಬೇಕು. ಹನ್ನೊಂದಿದ್ದರೆ ಹುಡುಕಬೇಕು. ಮಸಾಲೆ ಮೆತ್ತಿ ಕಂದಾದ ದಾರ ಕಣ್ಣಿಗೆ ಕಾಣುವುದಿಲ್ಲ. ಚಿಕ್ಕ ಮಗುವಿನ ಗಂಟಲಿಗೆ ಅದು ಹೋಗುವುದು ಹುಡುಗಾಟದ ಮಾತಲ್ಲ. ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿ, ಒಂದು ತುದಿಯನ್ನು ಅಂಗುಲದಷ್ಟು ಉದ್ದ ಬಿಟ್ಟರೆ ತೆಗೆಯುವುದು ಸುಲಭ.

ಕತ್ತರಿಸುವುದಕ್ಕೂ ದಾರ ಒಳ್ಳೆಯ ಆಯುಧ. ಬೇಯಿಸಿದ ಮೊಟ್ಟೆ, ಹಾಲುಬಾಯಿ, ಪನೀರು, ಮೆತ್ತನೆಯ ಕೇಕು ಇವನ್ನು ಚಾಕುವಿನಿಂದ ಕೊಯ್ದರೆ ಒಂದಿಷ್ಟು ಚಾಕುವಿಗೆ ಮೆತ್ತಿಕೊಳ್ಳುತ್ತದೆ, ಅಂಚು ಹರಿಯುತ್ತದೆ. ಬಿಗಿಹಿಡಿದ ತೆಳು ದಾರವನ್ನು ಒತ್ತಿದರೆ ನುಣುಪಾಗಿ ಎರಡು ಹೋಳು. ಕಾರಣವಿಷ್ಟೆ: ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ದಾರ ತಾಗುವ ಜಾಗ ಬಹಳ ಕಡಿಮೆ, ಆದ್ದರಿಂದ ಸ್ವಲ್ಪ ಬಲಕ್ಕೂ ಒತ್ತಡ ಹೆಚ್ಚು. ಅಲ್ಲದೆ ಚಾಕುವಿಗಿರುವಂತೆ ಅಗಲವಾದ ಪಕ್ಕೆಗಳಿಲ್ಲದ್ದರಿಂದ ಮೆತ್ತಿಕೊಳ್ಳಲು ಏನೂ ಸಿಗುವುದಿಲ್ಲ. ಪ್ರೌಢಶಾಲೆಯ ಪುಸ್ತಕದಲ್ಲಿ ಆನೆಯ ಪಾದ, ಮೊಳೆಯ ಮೊನೆಗಳ ಉದಾಹರಣೆ ಓದಿ ಬೇಸತ್ತವರು ಮೊಟ್ಟೆಯ ಮೇಲೆ ಈ ಪಾಠವನ್ನು ಮತ್ತೊಮ್ಮೆ ಓದಬಹುದು.

ಇನ್ನು ಅಂದದ ದಾರ ಬೇಕೇ ಬೇಕೆನ್ನುವ ಮಕ್ಕಳು ಅದನ್ನು ಕೊಳ್ಳುವುದಕ್ಕಿಂತ ಮನೆಯಲ್ಲಿಯೇ ಹೊಸೆಯುವುದು ಹೆಚ್ಚು ಸ್ವಾರಸ್ಯಕರ. ಬೇಕಾದ ಬಣ್ಣ ಅಡುಗೆಮನೆಯಲ್ಲಿಯೇ ಇದೆ. ಅರ್ಧ ಲೀಟರ್ ನೀರಿಗೆ ಎರಡು ಚಮಚ ಅರಿಶಿನ ಪುಡಿ ಹಾಕಿ, ಅದರಲ್ಲಿ ಬಿಳಿ ಹತ್ತಿ ದಾರವನ್ನು ಇಪ್ಪತ್ತು ನಿಮಿಷ ಕುದಿಸಿ, ಅದೇ ನೀರಿನಲ್ಲಿ ತಣಿಯಲು ಬಿಟ್ಟು, ಜಾಲಾಡಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಅರಿಶಿನದ ಬಣ್ಣ ಮಾಸುತ್ತದೆ. ಈ ಹಳದಿ ದಾರದಲ್ಲಿ ಅರ್ಧವನ್ನು ಬೇರೆ ಮಾಡಿ, ವೀಳ್ಯದೆಲೆಗೆ ಹಚ್ಚುವ ಸುಣ್ಣದ ತಿಳಿನೀರಿನಲ್ಲಿ ಕಡ್ಡಿಯಿಂದ ಅದ್ದಿದರೆ ಕ್ಷಣದಲ್ಲಿ ಕೆಂಪಾಗುತ್ತದೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಆರತಿಯ ಓಕಳಿ ನೀರು ಮಾಡುವುದನ್ನು ನೋಡಿದವರಿಗೆ ಇದು ಪರಿಚಿತ ವಿದ್ಯೆ. ಅರಿಶಿನದಲ್ಲಿರುವ ಕುರ್ಕ್ಯುಮಿನ್ ಎಂಬ ವಸ್ತು ಆಮ್ಲದಲ್ಲಿ ಹಳದಿ, ಪ್ರತ್ಯಾಮ್ಲದಲ್ಲಿ ಕೆಂಪು. ಬಟ್ಟೆಯ ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದರಿಂದಲೇ. ಕೆಂಪು ದಾರದ ಮೇಲೆ ನಿಂಬೆರಸದ ಹನಿ ಹಾಕಿದರೆ ಅಷ್ಟು ಜಾಗ ಮತ್ತೆ ಹಳದಿಯಾಗುತ್ತದೆ. ಹೀಗಾಗಿ ಈ ದಾರ ಲಿಟ್ಮಸ್ ಕಾಗದದ ತಮ್ಮನಿದ್ದಂತೆ. ಮೊಸರು, ಅಡುಗೆ ಸೋಡಾ, ಸೋಪಿನ ನೀರು, ಹುಣಸೆ ರಸ ಎಲ್ಲವನ್ನೂ ತುಂಡು ತುಂಡು ದಾರದಿಂದ ಪರೀಕ್ಷಿಸಿ ನೋಟ್‌ಬುಕ್ಕಿಗೆ ಅಂಟಿಸಬಹುದು. ಆದರೆ ಈ ಕೆಂಪು ಬಹಳ ದಿನ ಬಾಳುವುದಿಲ್ಲ, ಮಾಸುತ್ತಾ ಹೋಗುತ್ತದೆ. ಸುಣ್ಣ ಸೋಕಿದ ದಾರ ಅಡುಗೆಗೂ ಬೇಡ.

ಈಗ ಹೊಸೆಯುವ ಕೆಲಸ. ಎರಡು ಮೀಟರ್ ಹಳದಿ ದಾರದ ತುದಿಗೆ ಎರಡು ಮೀಟರ್ ಕೆಂಪು ದಾರದ ತುದಿಯನ್ನು ಗಂಟು ಹಾಕಿ ಒಂದೇ ಉದ್ದ ದಾರ ಮಾಡಿಕೊಳ್ಳಬೇಕು. ಒಂದು ಕೊನೆಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ಕೊನೆಗೆ ಪೆನ್ಸಿಲ್ ಕಟ್ಟಿ, ದಾರವನ್ನು ಸಡಿಲ ಬಿಡದೆ ಪೆನ್ಸಿಲನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಬೇಕು. ಸ್ವಲ್ಪ ಸಡಿಲಿಸಿದರೆ ದಾರ ತಾನಾಗಿ ಮುರುಟಿಕೊಳ್ಳುವಷ್ಟು ಹುರಿ ಏರಿದ ಮೇಲೆ, ತಂಗಿಯನ್ನೋ ತಮ್ಮನನ್ನೋ ಕರೆದು ನಡುವಣ ಗಂಟನ್ನು ಹಿಡಿಯಲು ಹೇಳಿ, ಎರಡು ಕೊನೆಗಳನ್ನು ಒಟ್ಟಿಗೆ ತರಬೇಕು. ನಡುವಣ ಗಂಟನ್ನು ಬಿಟ್ಟೊಡನೆ ಹಳದಿ ಕೆಂಪುಗಳೆರಡೂ ಗಿರ್ರನೆ ಒಂದನ್ನೊಂದು ಸುತ್ತಿಕೊಂಡು ಪಟ್ಟೆ ಪಟ್ಟೆಯ ಹುರಿ ಸಿದ್ಧವಾಗುತ್ತದೆ. ಮೊದಲ ಸಲ ಗಂಟುಗಂಟಾಗುವುದು ಖಂಡಿತ. ಎರಡನೆಯ ಸಲಕ್ಕೆ ಕೈ ಪಳಗುತ್ತದೆ.

ಇದು ಬಿಚ್ಚಿಕೊಳ್ಳುವುದಿಲ್ಲವೇಕೆ? ಪ್ರತಿಯೊಂದು ಎಳೆಯೂ ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಎರಡೂ ಹಾಗೆ ತಿರುಗಿದಾಗ ಜೋಡಿ ಎದುರು ದಿಕ್ಕಿನಲ್ಲಿ ಸುತ್ತಿಕೊಳ್ಳುತ್ತದೆ. ಜೋಡಿ ಬಿಚ್ಚಬೇಕಾದರೆ ಎಳೆಗಳು ಮತ್ತಷ್ಟು ಹುರಿಗೊಳ್ಳಬೇಕು. ಎರಡು ತಿರುಚುಗಳೂ ಒಂದನ್ನೊಂದು ತಡೆದು ನಿಲ್ಲುತ್ತವೆ. ತೇರಿನ ಮಿಣಿಯಿಂದ ಹಿಡಿದು ಬಾವಿಯ ಹಗ್ಗದವರೆಗೆ ಹೊಸೆದ ಹಗ್ಗಗಳೆಲ್ಲದರ ಗುಟ್ಟೂ ಇದೇ. ಇನ್ನೂ ಒಳಗೆ ಇಣುಕಿದರೆ ಮತ್ತೊಂದು ಅಚ್ಚರಿಯಿದೆ. ಹತ್ತಿಯ ಒಂದೊಂದು ನೂಲೆಳೆ ಸಾಮಾನ್ಯವಾಗಿ ಎರಡರಿಂದ ಮೂರೂವರೆ ಸೆಂಟಿಮೀಟರ್ ಉದ್ದ ಮಾತ್ರ. ನೂರಾರು ಮೀಟರ್ ಉದ್ದದ ಉಂಡೆಯಲ್ಲಿ ಒಂದು ಅಡಿ ಉದ್ದದ ಎಳೆ ಒಂದೂ ಇಲ್ಲ! ಅಂಟೂ ಇಲ್ಲ, ಗಂಟೂ ಇಲ್ಲ. ಹುರಿ ಎಳೆಗಳನ್ನು ಒಂದಕ್ಕೊಂದು ಒತ್ತಿಹಿಡಿಯುತ್ತದೆ, ಘರ್ಷಣೆ ಅವು ಜಾರದಂತೆ ತಡೆಯುತ್ತದೆ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಹತ್ತಿಯನ್ನು ಒದ್ದೆ ಬೆರಳಲ್ಲಿ ತಿರುಚಿ ಗೆಜ್ಜೆವಸ್ತ್ರ ಮಾಡುವ ಅಜ್ಜಿಯ ಪಕ್ಕದಲ್ಲಿ ಕುಳಿತ ಮಗು ಇದನ್ನು ಕಣ್ಣಾರೆ ಕಾಣಬಹುದು. ತಿರುಚಿದ ಜಾಗ ಗಟ್ಟಿ, ತಿರುಚದೆ ಬಿಟ್ಟ ಜಾಗ ಹೂವಿನಂತೆ ಸಡಿಲ.

ಕರಕುಶಲದ ಕೆಲಸಗಳಲ್ಲಿ ಬಲೂನಿಗೆ ಮೈದಾ ಅಂಟಿನ ದಾರ ಸುತ್ತಿ, ಒಣಗಿದ ಮೇಲೆ ಬಲೂನು ಒಡೆದು ದಾರದ ಗೋಳ ಮಾಡುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಬುದ್ಧಿಗೆ ಕೆಲಸ ಕೊಡುವುದು ನೇರ ದಾರಗಳಿಂದ ವಕ್ರರೇಖೆ ಮಾಡುವ ಆಟ. ಇದನ್ನು ಮಕ್ಕಳ ಗಣಿತಕ್ಕೆ ತಂದವರು ಮೇರಿ ಎವರೆಸ್ಟ್ ಬೂಲ್ (1832-1916). ಕಂಪ್ಯೂಟರ್ ಓದುವವರಿಗೆ ಪರಿಚಿತವಾದ ಬೂಲಿಯನ್ ಬೀಜಗಣಿತದ ಜಾರ್ಜ್ ಬೂಲ್ ಅವರ ಪತ್ನಿ ಈಕೆ. ಎವರೆಸ್ಟ್ ಶಿಖರಕ್ಕೆ ಹೆಸರು ಬಂದದ್ದು ಈಕೆಯ ದೊಡ್ಡ ಮನೆತನದ ಜಾರ್ಜ್ ಎವರೆಸ್ಟ್ ಅವರಿಂದ, ಅವರು ಮೇರಿಯ ತಂದೆಯ ಸೋದರ. ರಟ್ಟಿನ ಮೇಲೆ ಲಂಬಕೋನದ ಎರಡು ಗೆರೆ ಎಳೆದು, ಪ್ರತಿ ಗೆರೆಯಲ್ಲಿ ಮೂಲೆಯಿಂದ ಒಂದೊಂದು ಸೆಂಟಿಮೀಟರಿಗೆ 1ರಿಂದ 10ರವರೆಗೆ ತೂತು ಮಾಡಬೇಕು. ಒಂದು ಗೆರೆಯ 1ರಿಂದ ಇನ್ನೊಂದರ 10ಕ್ಕೆ, 2ರಿಂದ 9ಕ್ಕೆ, 3ರಿಂದ 8ಕ್ಕೆ, ಹೀಗೆ ದಾರ ಪೋಣಿಸುತ್ತಾ ಹೋದರೆ ಎಲ್ಲವೂ ನೇರ ದಾರಗಳೇ ಆದರೂ ಅವುಗಳ ಅಂಚಿನಲ್ಲಿ ಸೊಗಸಾದ ಬಾಗು ಮೂಡುತ್ತದೆ. ಅದು ಪರವಲಯ. ಮೇಲಕ್ಕೆ ಓರೆಯಾಗಿ ಎಸೆದ ಚೆಂಡು ಗಾಳಿಯ ತಡೆಯಿಲ್ಲದಿದ್ದರೆ ಹಿಡಿಯುವ ದಾರಿಯೂ ಇದೇ ಆಕಾರದ್ದು.

ಗಾಳಿಪಟದ ಕಾಲದಲ್ಲಿ ಮಾತ್ರ ನೈಲಾನ್ ದಾರ ಮನೆಗೆ ಬರಕೂಡದು. ಹಕ್ಕಿಗಳ ರೆಕ್ಕೆಯನ್ನೂ ದ್ವಿಚಕ್ರ ಸವಾರರ ಕೊರಳನ್ನೂ ಕೊಯ್ಯುವ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಮರಕ್ಕೆ ಸಿಕ್ಕಿದ ಹತ್ತಿ ದಾರ ಮಳೆ ಬಿಸಿಲಿಗೆ ಕೊಳೆತು ಉದುರುತ್ತದೆ. ನೈಲಾನ್ ವರ್ಷಗಟ್ಟಲೆ ಅಲ್ಲಿಯೇ ಕಾಯುತ್ತಿರುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೊರಟವರಿಗೆ ಹತ್ತಿ ದಾರ ಇನ್ನೊಂದು ಸೇವೆ ಮಾಡಬಲ್ಲದು. ನೀರು ತುಂಬಿದ ಪಾತ್ರೆಯನ್ನು ಗಿಡದ ಕುಂಡಕ್ಕಿಂತ ಎತ್ತರದಲ್ಲಿಟ್ಟು, ನೆನೆಸಿದ ದಪ್ಪ ಹುರಿಯ ಒಂದು ತುದಿಯನ್ನು ನೀರಿನ ತಳಕ್ಕೂ ಇನ್ನೊಂದನ್ನು ಮಣ್ಣಿನೊಳಕ್ಕೂ ಇಳಿಸಿದರೆ, ಎಳೆಗಳ ಸಂದಿಯಲ್ಲಿ ನೀರು ಏರಿ ಸಣ್ಣಗೆ ಇಳಿಯುತ್ತಿರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಲೋಮನಾಳ ಕ್ರಿಯೆಯೇ ಇದು. ಎಷ್ಟು ದಪ್ಪದ ಹುರಿ ದಿನಕ್ಕೆ ಎಷ್ಟು ನೀರು ಇಳಿಸುತ್ತದೆ ಎಂಬುದನ್ನು ಹೊರಡುವ ವಾರಕ್ಕೆ ಮೊದಲೇ ಅಳೆದುಕೊಳ್ಳಬೇಕು. ಇಲ್ಲವಾದರೆ ಹಿಂದಿರುಗುವಾಗ ಪಾತ್ರೆ ಬರಿದಾಗಿ ನೆಲ ಒದ್ದೆಯಾಗಿರುತ್ತದೆ.

ಕೊನೆಗೆ ಸಿಹಿಯಾದ ಒಂದು ಪ್ರಯೋಗ. ಅಂಗಡಿಯ ದೊಡ್ಡ ಕಲ್ಲುಸಕ್ಕರೆಯ ನಡುವೆ ದಾರವಿರುವುದನ್ನು ಅನೇಕರು ಕಂಡಿರುತ್ತಾರೆ. ಅದು ಕಸವಲ್ಲ, ಹರಳು ಬೆಳೆಯಲೆಂದೇ ಕಟ್ಟಿದ್ದು. 100 ಮಿಲಿಲೀಟರ್ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗಿದರೆ, 100 ಡಿಗ್ರಿಯ ಹೊತ್ತಿಗೆ 480 ಗ್ರಾಮಿಗೂ ಹೆಚ್ಚು ಕರಗುತ್ತದೆ. ಒಂದು ಲೋಟ ನೀರಿಗೆ ಮೂರು ಲೋಟ ಸಕ್ಕರೆಯನ್ನು ದೊಡ್ಡವರ ನೆರವಿನಿಂದ ಕಾಯಿಸಿ ಕರಗಿಸಿ, ಗಾಜಿನ ಜಾಡಿಗೆ ಹಾಕಿ ತಣಿಯಲು ಬಿಟ್ಟರೆ ನೀರು ಹೊರಲಾರದಷ್ಟು ಸಕ್ಕರೆ ಅದರಲ್ಲಿ ಉಳಿಯುತ್ತದೆ. ಕುದಿಸಿ ತೊಳೆದ ಬಿಳಿ ಹತ್ತಿ ದಾರವನ್ನು ಮೊದಲು ಪಾಕದಲ್ಲಿ ಅದ್ದಿ, ಸಕ್ಕರೆ ಕಾಳಿನಲ್ಲಿ ಹೊರಳಿಸಿ, ಒಣಗಿಸಿ, ಕಡ್ಡಿಗೆ ಕಟ್ಟಿ ಜಾಡಿಯ ನಡುವೆ ಇಳಿಬಿಡಬೇಕು. ತಳಕ್ಕಾಗಲೀ ಪಕ್ಕಕ್ಕಾಗಲೀ ತಾಗಬಾರದು. ದಾರಕ್ಕಂಟಿದ ಕಾಳುಗಳ ಮೇಲೆ ಸಕ್ಕರೆಯ ಅಣುಗಳು ಒಂದೊಂದಾಗಿ ಬಂದು ಕೂರುತ್ತವೆ. ನುಣುಪಾದ ನೈಲಾನ್ ದಾರಕ್ಕೆ ಕಾಳುಗಳೇ ಸರಿಯಾಗಿ ಅಂಟುವುದಿಲ್ಲ. ಇರುವೆ ಬಾರದಂತೆ ಜಾಡಿಯನ್ನು ನೀರಿನ ತಟ್ಟೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಮುಚ್ಚಿ, ಅಲುಗಾಡಿಸದೆ ಬಿಡಬೇಕು. ಮೂರನೆಯ ದಿನವೇ ಎತ್ತಿ ನೋಡುವ ಆಸೆಯಾಗುತ್ತದೆ, ತಡೆದುಕೊಳ್ಳುವುದು ಒಳ್ಳೆಯದು. ವಾರದ ಹೊತ್ತಿಗೆ ಹರಳುಗಳು ಕಾಣುತ್ತವೆ. ಹರಳನ್ನು ಒಡೆದು, ದಾರವನ್ನು ಎಳೆದು ತೆಗೆದು ಮಕ್ಕಳಿಗೆ ಕೊಡಬೇಕು. ಉಳಿದ ಪಾಕವನ್ನು ಸೋಸಿ ಕಾಯಿಸಿಟ್ಟುಕೊಂಡರೆ ಪಾನಕಕ್ಕಾಗುತ್ತದೆ.